ಸಂತ ತೆರೇಸಮ್ಮನವರ ಕತ್ತಲ ದಿನಗಳು

ಗುಲಾಬಿಗಳ ನಡುವೆ ಶಿಲುಬೆ ಹಿಡಿದ ಲಿಸಿಯುವಿನ ಸಂತ ತೆರೇಸಮ್ಮನವರ ಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಆ ಮುಖದಲ್ಲಿ ಕಾಣದ ಸಂಕಟವೊಂದಿತ್ತು.

15ನೇ ವಯಸ್ಸಿಗೇ ಫ್ರಾನ್ಸಿನ ಲಿಸಿಯು ಕಾರ್ಮೆಲ್ ಮಠ ಸೇರಿದರು. ಮರುವರ್ಷವೇ, 1889ರಲ್ಲಿ, ತಂದೆ ಲೂಯಿಯವರನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮನಸ್ಸಿನ ಕಾಯಿಲೆ ಏನೆಂಬುದು ಆಕೆಗೆ ತಿಳಿಯದ ವಿಷಯವಾಗಿರಲಿಲ್ಲ.

1896ರ ಶುಭ ಶುಕ್ರವಾರದ ಹಿಂದಿನ ರಾತ್ರಿ ಮೊದಲ ಸಲ ರಕ್ತ ಕಾರಿದರು. ದೇವರು ಕರೆಯುತ್ತಿದ್ದಾರೆಂದು ಆಗ ಸಂತೋಷವೇ ಆಯಿತು. ಆದರೆ ಪಾಸ್ಖ ಕಾಲದಲ್ಲೇ ಮನಸ್ಸಿಗೆ ಕತ್ತಲು ಕವಿಯಿತು. ಸ್ವರ್ಗವೇ ಇಲ್ಲವೇನೋ ಎಂಬ ಶಂಕೆ ಕೊನೆಯವರೆಗೂ ಕಾಡಿತು. ಇದು ಆತ್ಮದ ಪರೀಕ್ಷೆಯೋ, ರೋಗದ ಬಳಲಿಕೆಯೋ? ಬಿಡಿಸಿ ಹೇಳುವುದು ಕಷ್ಟ.

ಕ್ಷಯವನ್ನು ಗುಣಪಡಿಸುವ ಔಷಧಿ ಆಗ ಇರಲಿಲ್ಲ. ನೋವಿಗೆ ಮಾರ್ಫಿನ್ ಕೊಡಬಹುದೆಂದು ವೈದ್ಯರು ಹೇಳಿದರೂ ಮಠದ ಮಾತೆ ಒಪ್ಪಲಿಲ್ಲ. ಇಷ್ಟು ನರಳುವವರ ಹತ್ತಿರ ವಿಷದ ಔಷಧಿಗಳನ್ನು ಬಿಡಬಾರದೆಂದು ತೆರೇಸಮ್ಮನವರೇ ಆರೈಕೆಯ ಸಹೋದರಿಯರನ್ನು ಎಚ್ಚರಿಸಿದರು. ಹೌದು, ಸಂತರಿಗೂ ಅಂಥ ಯೋಚನೆ ಬಂದಿತ್ತು. ಅದನ್ನು ಆಕೆ ಮುಚ್ಚಿಡಲಿಲ್ಲ.

1897ರ ಬೇಸಿಗೆಯಲ್ಲಿ, ತಂದೆಯವರು ಬಳಸಿದ್ದ ಗಾಲಿಕುರ್ಚಿಯಲ್ಲಿ ಮಠದ ತೋಟದಲ್ಲಿ ಕುಳಿತು, ಆತ್ಮಕಥೆಯ ಕೊನೆಯ ಪುಟಗಳನ್ನು ಬರೆದರು. ಲೇಖನಿ ಹಿಡಿಯಲಾಗದಾಗ ಪೆನ್ಸಿಲ್ ಹಿಡಿದರು. ಸೆಪ್ಟೆಂಬರ್ 30ರಂದು ತೀರಿಕೊಂಡಾಗ ಅವರಿಗೆ 24 ವರ್ಷ.