ತೋಮಸ್ ಸ್ಟೀಫನ್ಸ್ ಪಾದ್ರಿಗಳ ಚರಿತ್ರೆಯೂ ಅವರು ಮಕ್ಕಳಿಗೆ ಕಲಿಸಿದ ಮಾತುಗಳೂ

ಬರಗೂರು, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಮ್ಮ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ಬೋಧಕನನ್ನು ಕಂಡವರು ಪಾದ್ರಿಯೆಂದು ಕರೆಯುವರು. ಗೋಡೆ ಕಟ್ಟುವವನನ್ನು ಮೇಸ್ತ್ರಿ ಎನ್ನುವರು. ಬೀಗ ತೆಗೆಯುವದನ್ನು ಕೆಲವರು ಬೀಗದಕೈ ಎಂದರೆ ಕೆಲವರು ಚಾವಿ ಎಂದಾರು. ಪಾದ್ರಿ, ಮೇಸ್ತ್ರಿ, ಚಾವಿ ಎಂಬ ಈ ಮೂರು ಮಾತುಗಳೂ ಪೋರ್ಚುಗೀಸರ ದೇಶದಿಂದ ಹಡಗು ಹತ್ತಿ ಬಂದವುಗಳೆಂದು ರಾಗಿ ಹೊಲದಲ್ಲಿ ಕೆಲಸಮಾಡುವ ನಮ್ಮ ಸಹೋದರರಲ್ಲಿ ಎಷ್ಟು ಮಂದಿಗೆ ಗೊತ್ತು? ನಾವು ದಿನವೂ ಹೇಳುವ ಶಿಲುಬೆ ಎಂಬ ಮಾತಾದರೋ ಅವುಗಳಿಗಿಂತಲೂ ಹಳೆಯದು. ಅದು ಸುರಿಯಾನಿ ಭಾಷೆಯಲ್ಲಿ ಹುಟ್ಟಿ, ಮಲೆಯಾಳ ದೇಶದ ಪುರಾತನ ಕ್ರೈಸ್ತರ ಬಾಯಿಂದ ದಕ್ಷಿಣದ ಭಾಷೆಗಳಿಗೆ ಇಳಿದುಬಂದದ್ದು. ಹೀಗೆ ನಮ್ಮ ವಿಶ್ವಾಸದ ಮಾತುಗಳಿಗೂ ತಂದೆತಾಯಿಗಳುಂಟು, ವಂಶಾವಳಿಯುಂಟು. ಈ ದೇಶದ ಪಡುವಣ ಕರಾವಳಿಯಲ್ಲಿ ಮಕ್ಕಳಿಗೆ ಕ್ರೈಸ್ತೋಪದೇಶವನ್ನು ಯಾವ ಮಾತುಗಳಿಂದ ಹೇಳಬೇಕೆಂದು ಬಹಳವಾಗಿ ಚಿಂತಿಸಿದ ಒಬ್ಬ ಮನುಷ್ಯರ ಚರಿತ್ರೆಯನ್ನು ಈ ತಿಂಗಳಲ್ಲಿ ಹೇಳುವೆವು. ಅವರು ರೋಮನ್ ಕಥೋಲಿಕ ಸಭೆಯವರು, ಯೇಸುಸಭೆಯ ಸನ್ಯಾಸಿಗಳು. ಆದರೂ ನಮ್ಮ ಸಭೆಗಳವರು ಅವರ ವಿಷಯವನ್ನು ತಿಳಿಯದೆ ಇರುವದು ನಷ್ಟವೆಂದು ನಮಗೆ ತೋರುತ್ತದೆ.

ತೋಮಸ್ ಸ್ಟೀಫನ್ಸರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಬುಷ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಲಂಡನಿನಲ್ಲಿ ವ್ಯಾಪಾರಮಾಡುತ್ತಿದ್ದನು. ಹುಡುಗನಾಗಿ ವಿಂಚೆಸ್ಟರಿನ ಪಾಠಶಾಲೆಯಲ್ಲಿ ಓದಿದರು. ಆಗ ಎಲಿಜಬೆತ್ ರಾಣಿಯು ಆಳುತ್ತಿದ್ದಳು. ಅವಳ ಅಕ್ಕನಾದ ಮೇರಿಯ ಕಾಲದಲ್ಲಿ ನಮ್ಮ ಪಕ್ಷದವರು ಬೆಂಕಿಯಲ್ಲಿ ಸತ್ತ ಕಥೆಯನ್ನು ನಾವು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಎಲಿಜಬೆತಳ ಕಾಲದಲ್ಲಿ ರೋಮನ್ ಪಕ್ಷದವರು ಸೆರೆಗೂ ನೇಣಿಗೂ ಹೋದ ಕಥೆಯನ್ನು ನಮಗೆ ಹೇಳುವವರು ಕಡಿಮೆ. ಸ್ಟೀಫನ್ಸರ ಸ್ನೇಹಿತನಾದ ತೋಮಸ್ ಪೌಂಡನು ಅವರೊಡನೆ ರೋಮಿಗೆ ಹೊರಡಬೇಕೆಂದಿದ್ದಾಗ ಹಿಡಿಯಲ್ಪಟ್ಟು, ಸುಮಾರು 30 ವರುಷ ಸೆರೆಮನೆಗಳಲ್ಲಿಯೇ ಕಳೆದನು. ಸ್ಟೀಫನ್ಸರು ತಪ್ಪಿಸಿಕೊಂಡು ರೋಮಿಗೆ ಹೋಗಿ 1575ರಲ್ಲಿ ಯೇಸುಸಭೆಯನ್ನು ಸೇರಿದರು. ಸ್ವದೇಶದಲ್ಲಿ ಬಾಯಿತೆರೆದು ಪ್ರಾರ್ಥಿಸಲಾರದವರು ಪರದೇಶದಲ್ಲಿ ಬೋಧಿಸುವದಕ್ಕೆ ಹೊರಟರು.

1579ನೆಯ ಇಸವಿ ಏಪ್ರಿಲ್ 4ರಲ್ಲಿ ಲಿಸ್ಬನ್ ರೇವಿನಿಂದ ಐದು ಹಡಗುಗಳು ಹೊರಟವು. ಆಫ್ರಿಕದ ಕೊನೆಯನ್ನು ಸುತ್ತಿಕೊಂಡು ಅಕ್ಟೋಬರ್ 24ರಲ್ಲಿ ಗೋವೆಯನ್ನು ಮುಟ್ಟುವಾಗ ಆರು ತಿಂಗಳು ಕಳೆದು ಹೋಗಿದ್ದವು. ವಸಡುಗಳು ಬಾತು ಕಾಲುಗಳು ಊದಿಕೊಳ್ಳುವ ನಾವಿಕರ ರೋಗವನ್ನೂ ದಾರಿಯಲ್ಲಿ ಕಂಡ ಹಕ್ಕಿಗಳನ್ನೂ ಗಾಳಿಗಳನ್ನೂ ವಿವರಿಸಿ ಅದೇ ವರುಷ ನವೆಂಬರಿನಲ್ಲಿ ಅವರು ತಂದೆಗೆ ಕಾಗದ ಬರೆದರು. ಆ ಕಾಗದವು ಇಂಗ್ಲೆಂಡಿನಲ್ಲಿ ಅಚ್ಚಾಗಿ, ಅಲ್ಲಿಯ ವ್ಯಾಪಾರಸ್ಥರ ಮನಸ್ಸನ್ನು ಹಿಂದೂದೇಶದ ಕಡೆಗೆ ತಿರುಗಿಸಿದ ಬರಹಗಳಲ್ಲಿ ಒಂದಾಯಿತು. ಮಗನು ತಂದೆಗೆ ಬರೆದ ಕ್ಷೇಮಸಮಾಚಾರವು ಎಲ್ಲೆಲ್ಲಿಗೆ ಮುಟ್ಟುವದೆಂದು ಬರೆಯುವವನಿಗೆ ತಿಳಿಯದು.

ಗೋವೆಯ ದಕ್ಷಿಣಕ್ಕೆ ಸಾಷ್ಟಿ ಎಂಬ ಸೀಮೆಯುಂಟು. ಪೋರ್ಚುಗೀಸರು ಅದನ್ನು ಸಾಲ್ಸೆತ್ ಎನ್ನುತ್ತಿದ್ದರು. ಸುಮಾರು 40 ವರುಷ ಸ್ಟೀಫನ್ಸರ ಸೇವೆಯು ಹೆಚ್ಚಾಗಿ ಅಲ್ಲಿಯ ಹಳ್ಳಿಗಳಲ್ಲಿಯೇ ನಡೆಯಿತು. ಜನರು ಆಡುವ ಭಾಷೆಯು ಕೊಂಕಣಿ. ಪೋರ್ಚುಗೀಸರು ಅದನ್ನು ಕಾನಾರಿಂ ಎಂದು ಕರೆದರು. ಕನ್ನಡನಾಡಿನ ಹೆಸರನ್ನು ನೆರೆಯವರ ಭಾಷೆಗೆ ಅಂಟಿಸಿದ ಈ ಗಲಿಬಿಲಿಯು ಬಹುಕಾಲ ನಿಂತಿತು. ಸ್ಟೀಫನ್ಸರು ಕೊಂಕಣಿಯನ್ನೂ ಮರಾಠಿಯನ್ನೂ ಕಲಿತು, 1583ನೆಯ ಅಕ್ಟೋಬರ್ 24ರಲ್ಲಿ ತಮ್ಮ ಸಹೋದರನಾದ ರಿಚರ್ಡನಿಗೆ ಬರೆದ ಕಾಗದದಲ್ಲಿ ಈ ದೇಶದ ಭಾಷೆಗಳ ಕಟ್ಟಡವು ಗ್ರೀಕ್ ಲತೀನ್ ಭಾಷೆಗಳನ್ನು ಹೋಲುತ್ತದೆಂದು ತಿಳಿಸಿದರು. ವಿಲಿಯಂ ಜೋನ್ಸ್ ಎಂಬ ಪಂಡಿತನು ಸಂಸ್ಕೃತಕ್ಕೂ ಆ ಭಾಷೆಗಳಿಗೂ ಇರುವ ಬಂಧುತ್ವವನ್ನು ಕಲ್ಕತ್ತೆಯಲ್ಲಿ ಪ್ರಕಟಿಸಿದ್ದು 1786ರಲ್ಲಿ, ಅಂದರೆ 200 ವರುಷಗಳ ತರುವಾಯ.

ಆದರೆ ಅದೇ 1583ರ ಜುಲೈ ತಿಂಗಳಿನಲ್ಲಿ ಸಾಷ್ಟಿಯಲ್ಲಿ ನಡೆದದ್ದನ್ನು ಮರೆಮಾಡುವದು ನ್ಯಾಯವಲ್ಲ. ಅದಕ್ಕೆ ಮುಂಚಿನ ವರುಷಗಳಲ್ಲಿ ಪೋರ್ಚುಗೀಸ್ ಸರಕಾರದವರು ಆ ಸೀಮೆಯ ದೇವಾಲಯಗಳನ್ನು ಕೆಡವಿಸಿದ್ದರು. ಜನರ ಹಳೆಯ ಗ್ರಂಥಗಳನ್ನು ನಿಷೇಧಿಸಿದ್ದರು. ಕುಂಕಳ್ಳಿ ಎಂಬ ಊರಿನವರು ರೊಚ್ಚಿಗೆದ್ದು, ಅಲ್ಲಿಗೆ ಹೋದ ರುದೊಲ್ಫ್ ಅಕ್ವಾವೀವ ಮೊದಲಾದ ಐದು ಮಂದಿ ಯೇಸುಸಭೆಯವರನ್ನು ಕೊಂದರು. ಪೋರ್ಚುಗೀಸರು ಆ ಊರಿನ ಮುಖಂಡರನ್ನು ಮಾತುಕತೆಗೆಂದು ಕೋಟೆಗೆ ಕರೆಸಿ ವಂಚನೆಯಿಂದ ಕೊಂದುಹಾಕಿದರು. ಸುವಾರ್ತೆಯ ಹಿಂದೆ ಸಿಪಾಯಿಯು ನಿಂತರೆ ಕೇಳುವವನು ಯಾರ ಮಾತನ್ನು ಕೇಳಿ ಒಪ್ಪಿದನೆಂದು ಹೇಳುವದು ಹೇಗೆ? ಸ್ಟೀಫನ್ಸರು ಆ ಸರಕಾರದ ನೆರಳಿನಲ್ಲಿಯೇ ಬಾಳಿದರು, ಅದನ್ನು ಎದುರಿಸಲಿಲ್ಲ. ಅವರ ಚರಿತ್ರೆಯಲ್ಲಿ ನಮ್ಮ ಮನಸ್ಸಿಗೆ ಒಪ್ಪದ ಭಾಗವು ಇದೇ.

ಆ ವರುಷದ ಕೊನೆಯಲ್ಲಿ ಇಂಗ್ಲಿಷ್ ವ್ಯಾಪಾರಸ್ಥರಾದ ರಾಲ್ಫ್ ಫಿಚ್, ಜಾನ್ ನ್ಯೂಬೆರಿ ಎಂಬವರೂ ಅವರ ಜೊತೆಗಾರರೂ ಹೊರ್ಮುಜಿನಲ್ಲಿ ಹಿಡಿಯಲ್ಪಟ್ಟು ಗೋವೆಯ ಸೆರೆಮನೆಗೆ ಬಂದರು. ಇವರು ಎಲಿಜಬೆತ್ ರಾಣಿಯ ಪ್ರಜೆಗಳು, ಸ್ಟೀಫನ್ಸರನ್ನು ದೇಶದಿಂದ ಓಡಿಸಿದ ಪಕ್ಷದವರು. ಆದರೂ ಸ್ಟೀಫನ್ಸರು ಅವರಿಗಾಗಿ ಮಾತಾಡಿ, ಜಾಮೀನಿನ ಮೇಲೆ ಬಿಡಿಸುವದಕ್ಕೆ ಸಹಾಯಮಾಡಿದರು. 1584ರಲ್ಲಿ ಫಿಚ್ಚನು ಗುಟ್ಟಾಗಿ ಗೋವೆಯನ್ನು ಬಿಟ್ಟು, ಬೆಳಗಾವಿಯ ದಾರಿಯಾಗಿ ನಮ್ಮ ಕನ್ನಡ ಸೀಮೆಯ ಬಿಜಾಪುರಕ್ಕೂ ಅಲ್ಲಿಂದ ಗೋಲ್ಕೊಂಡಕ್ಕೂ ಹೋದನು.

ಇನ್ನು ಅವರ ಮುಖ್ಯವಾದ ಕೆಲಸಕ್ಕೆ ಬರುವೆವು. ಸಾಷ್ಟಿಯ ದೇವಾಲಯದಲ್ಲಿ ಒಂದು ದಿನ ಉಪದೇಶಪಾಠವು ನಡೆಯುತ್ತಿರುವಾಗ ಹೊಸದಾಗಿ ಸಭೆಯನ್ನು ಸೇರಿದ್ದ ಒಬ್ಬ ಬ್ರಾಹ್ಮಣನು ಎದ್ದು, ನಮ್ಮ ಹಳೆಯ ಪುರಾಣಗಳನ್ನು ಓದಬೇಡವೆಂದಿರಿ, ಅವುಗಳ ಬದಲಾಗಿ ಓದುವದಕ್ಕೆ ನೀವು ಕೊಟ್ಟದ್ದೇನು ಎಂಬ ಭಾವದಿಂದ ಪ್ರಶ್ನೆ ಮಾಡಿದನೆಂದು ಸ್ಟೀಫನ್ಸರು ತಾವೇ ಗ್ರಂಥದ ಆರಂಭದಲ್ಲಿ ತಿಳಿಸಿದ್ದಾರೆ. ಇದು ಬಹು ನ್ಯಾಯವಾದ ಪ್ರಶ್ನೆ. ಹರಿಕಥೆಯನ್ನೂ ಬಯಲಾಟವನ್ನೂ ಬಿಟ್ಟು ಬಂದವನಿಗೆ ಸಂಜೆಯ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಕೇಳುವದಕ್ಕೆ ಏನೂ ಇಲ್ಲದಿದ್ದರೆ ಅವನ ಮನಸ್ಸು ಎಷ್ಟು ದಿನ ನಿಂತೀತು?

ಸ್ಟೀಫನ್ಸರು ಕೊಟ್ಟ ಉತ್ತರವೇ ಕ್ರಿಸ್ತಪುರಾಣ. ಇದು 1616ರಲ್ಲಿ ರಾಯತೂರಿನ ಯೇಸುಸಭೆಯ ಮಠದಲ್ಲಿ ಅಚ್ಚಾಯಿತು. ಕೊಂಕಣಿ ಮಾತುಗಳು ಬೆರೆತ ಮರಾಠಿಯಲ್ಲಿ, ಜನರು ಹಾಡಿ ಬಲ್ಲ ಓವೀ ಛಂದಸ್ಸಿನಲ್ಲಿ ಬರೆದದ್ದು. ಮೊದಲನೆಯ ಪುರಾಣದಲ್ಲಿ ಸೃಷ್ಟಿಯು ಮೊದಲುಗೊಂಡು ಹಳೆಯ ಒಡಂಬಡಿಕೆಯ ಕಥೆಯು 36 ಅಧ್ಯಾಯಗಳಲ್ಲಿಯೂ, ಎರಡನೆಯದರಲ್ಲಿ ಕ್ರಿಸ್ತನ ಚರಿತ್ರೆಯು 59 ಅಧ್ಯಾಯಗಳಲ್ಲಿಯೂ ಇರುವವು. ಪದ್ಯಗಳ ಲೆಕ್ಕವು 4,181 ಮತ್ತು 6,781, ಕೂಡಿಸಿದರೆ 10,962. ಮರಾಠಿ ಭಾಷೆಯನ್ನು ಅವರು ಹೂಗಳಲ್ಲಿ ಮಲ್ಲಿಗೆಗೂ ಪಕ್ಷಿಗಳಲ್ಲಿ ನವಿಲಿಗೂ ಹೋಲಿಸಿ ಹೊಗಳಿದ್ದಾರೆ. ಇಂಗ್ಲೆಂಡಿನ ವ್ಯಾಪಾರಿಯ ಮಗನು ಈ ದೇಶದ ಭಾಷೆಗೆ ಹಾಗೆ ಮನಸೋತದ್ದು ಅಪರೂಪವೇ ಸರಿ.

ಒಂದು ಆಸೆಯು ಮಾತ್ರ ಅವರಿಗೆ ಕೈಗೂಡಲಿಲ್ಲ. ಗೋವೆಯಲ್ಲಿ 1556ರಲ್ಲಿಯೇ ಅಚ್ಚಿನ ಯಂತ್ರವು ಬಂದಿದ್ದರೂ ಈ ದೇಶದ ಲಿಪಿಗೆ ಅಚ್ಚುಮೊಳೆಗಳು ಇರಲಿಲ್ಲ. ಯುರೋಪಿನ ಅಕ್ಷರಗಳು 24 ಆದರೆ, ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿ ಇಲ್ಲಿ ಸುಮಾರು 600 ಅಚ್ಚುಗಳನ್ನು ಎರಕಹೊಯ್ಯಬೇಕಾಗುವದೆಂದೂ, ಉಪಾಯದಿಂದ ಅವನ್ನು ಬಹಳ ಕಡಿಮೆ ಮಾಡಬಹುದೆಂದೂ 1608ರಲ್ಲಿ ರೋಮಿನ ಹಿರಿಯರಿಗೆ ಬರೆದು ಬೇಡಿಕೊಂಡರು. ಅದು ಆಗಲಿಲ್ಲ. ಪುರಾಣವು ರೋಮನ್ ಅಕ್ಷರಗಳಲ್ಲಿಯೇ ಅಚ್ಚಾಯಿತು. ಹಳ್ಳಿಯ ಓದುಗನಿಗೆ ಭಾಷೆಯು ತನ್ನದು, ಅಕ್ಷರವು ಪರರದು.

ಪುರಾಣವು ದೊಡ್ಡವರಿಗಾದರೆ ಮಕ್ಕಳಿಗೆ ಬೇರೆ ಪುಸ್ತಕ ಬೇಕಾಯಿತು. ಮಾರ್ಕೊಸ್ ಜೊರ್ಜ್ ಎಂಬ ಪಾದ್ರಿಯ ಪೋರ್ಚುಗೀಸ್ ಉಪದೇಶಪುಸ್ತಕದ ಮಾದರಿಯಲ್ಲಿ ಸ್ಟೀಫನ್ಸರು ಕೊಂಕಣಿಯಲ್ಲಿ ಒಂದು ಕ್ರೈಸ್ತೋಪದೇಶವನ್ನು ಬರೆದರು. ಗುರುವೂ ಶಿಷ್ಯನೂ ಒಬ್ಬರನ್ನೊಬ್ಬರು ಕೇಳಿ ಉತ್ತರಿಸುವ ಕ್ರಮದಲ್ಲಿ ಅದು ಏರ್ಪಟ್ಟಿದೆ. ನಮ್ಮ ಭಾನುವಾರದ ಪಾಠಶಾಲೆಗಳಲ್ಲಿ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುವವರಿಗೆ ಈ ಕ್ರಮವು ಹೊಸದಲ್ಲ.

ಇಲ್ಲಿಯೇ ಕಷ್ಟವು ಬಂದದ್ದು. ಯಾವ ಮಾತನ್ನು ದೇಶಭಾಷೆಗೆ ತಿರುಗಿಸಬೇಕು, ಯಾವದನ್ನು ಹಾಗೆಯೇ ಇಡಬೇಕು? ದೇಶದ ಮಾತನ್ನು ತೆಗೆದುಕೊಂಡರೆ ಅದರೊಡನೆ ಹಳೆಯ ಅರ್ಥವೂ ಒಳಗೆ ಬರುವದು. ಪರದೇಶದ ಮಾತನ್ನು ಇಟ್ಟರೆ ಮಗುವು ಅದನ್ನು ಅರ್ಥವಿಲ್ಲದ ಮಂತ್ರದಂತೆ ಹೇಳುವದು. ಸ್ಟೀಫನ್ಸರು ಪುರಾಣದಲ್ಲಿ ಪರಲೋಕಕ್ಕೆ ವೈಕುಂಠವೆಂಬ ಮಾತನ್ನೇ ಧೈರ್ಯದಿಂದ ಉಪಯೋಗಿಸಿದರು. ನಾವಾದರೆ ಅಷ್ಟು ದೂರ ಹೋಗುತ್ತಿರಲಿಲ್ಲ. ಆದರೆ ನಾವು ಹೇಳುವ ದೇವರು, ಸ್ವರ್ಗ, ಪಾಪ, ಭಕ್ತಿ ಎಂಬ ಮಾತುಗಳೂ ಹಿಂದೆ ಬೇರೆಯವರ ಮನೆಯಲ್ಲಿ ಬೆಳೆದವುಗಳೇ ಎಂಬದನ್ನು ನೆನಸಿದರೆ ಅವರನ್ನು ಆಕ್ಷೇಪಿಸುವದಕ್ಕೆ ನಾಲಿಗೆಯು ಅಷ್ಟು ಬೇಗ ಏಳದು.

ಸಭೆಯ ಸಂಸ್ಕಾರಗಳಿಗೆ ಮಾತ್ರ ಗೋವೆಯ ಪಾದ್ರಿಗಳು ಹೆಚ್ಚಾಗಿ ಪೋರ್ಚುಗೀಸ್ ಮಾತುಗಳನ್ನೇ ಇಟ್ಟರು. ಅವು ಕೊಂಕಣಿ ನಾಲಿಗೆಯಲ್ಲಿ ತಿರುಗಿ ತಿರುಗಿ ನಯವಾಗಿ, ಮಂಗಳೂರಿನ ಕಡೆಯ ಕಥೋಲಿಕರ ಮನೆಗಳಲ್ಲಿ ಇಂದಿಗೂ ಕೇಳಿಬರುವವು. ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಅವರ ನೆರೆಯಲ್ಲಿ ಇರುವ ನಮ್ಮ ಯೌವನಸ್ಥರು ಇವುಗಳನ್ನು ಕೇಳಿ ಬೆರಗಾಗದಂತೆ ಕೆಲವನ್ನು ಬಿಡಿಸಿ ಹೇಳುವೆವು. ಇಗರ್ಜಿ ಎಂದರೆ ದೇವಾಲಯ. ಖುರಿಸ್ ಎಂದರೆ ನಮ್ಮ ಶಿಲುಬೆ. ಮಿಸ್ ಎಂಬದು ಅವರ ಮುಖ್ಯ ಆರಾಧನೆ. ಕನ್ನಡ ಕಥೋಲಿಕರು ಅದನ್ನು ಬಲಿಪೂಜೆ ಎನ್ನುವರು. ಆ ಪೂಜೆಯಲ್ಲಿ ಕ್ರಿಸ್ತನ ಶಿಲುಬೆಯ ಬಲಿಯೇ ಮುಂದಿಡಲ್ಪಡುತ್ತದೆಂದು ಅವರ ನಂಬಿಕೆ. ಆ ಬಲಿಯು ಒಂದೇ ಸಾರಿ ನಡೆದು ತೀರಿತೆಂದೂ ಅದನ್ನು ಜ್ಞಾಪಕಮಾಡಿಕೊಳ್ಳುವೆವೆಂದೂ ನಮ್ಮ ಬೋಧೆ. ಕುಮ್ಗಾರ್ ಎಂದರೆ ಕನ್ನಡದಲ್ಲಿ ಪರಮಪ್ರಸಾದ, ನಾವು ಕರ್ತನ ಭೋಜನ ಎನ್ನುವದು. ಕುಮ್ಸಾರ್ ಎಂದರೆ ಪಾಪನಿವೇದನೆ, ಗುರುವಿನ ಮುಂದೆ ಮೊಣಕಾಲೂರಿ ತಪ್ಪುಗಳನ್ನು ಒಪ್ಪಿಕೊಳ್ಳುವದು. ತೇರ್ಸ್ ಎಂದರೆ ಮಣಿಗಳ ಜಪಸರವನ್ನು ಹಿಡಿದು ಮಾಡುವ ಪ್ರಾರ್ಥನೆ. ಸಾಕ್ರಾಮೆಂತ್ ಎಂದರೆ ಸಂಸ್ಕಾರ. ಅವರಿಗೆ ಅವು ಏಳು, ನಮಗೆ ದೀಕ್ಷಾಸ್ನಾನವೂ ಕರ್ತನ ಭೋಜನವೂ ಎರಡೇ. ಮದುವೆಯನ್ನು ಅವರು ಆ ಏಳರಲ್ಲಿ ಒಂದಾಗಿ ಎಣಿಸುವದರಿಂದ ಅವರೊಡನೆ ಸಂಬಂಧ ಬೆಳೆಸುವ ಮಾತು ಬಂದಾಗ ಇಷ್ಟನ್ನಾದರೂ ತಿಳಿದಿರುವದು ಒಳ್ಳೇದು. ಹೆಸರು ಬೇರೆಯಾದ ಮಾತ್ರಕ್ಕೆ ಸಂಗತಿಯೂ ಬೇರೆಯೆಂದು ಜಗಳಕ್ಕೆ ನಿಲ್ಲುವವರೂ ಉಂಟು, ಹೆಸರು ಒಂದೇ ಆದ್ದರಿಂದ ಎಲ್ಲವೂ ಒಂದೇ ಎನ್ನುವವರೂ ಉಂಟು. ಇಬ್ಬರೂ ಪಾಠವನ್ನು ಅರ್ಧ ಕಲಿತವರು.

ಸ್ಟೀಫನ್ಸರು 1619ರಲ್ಲಿ ಗೋವೆಯಲ್ಲಿ ತೀರಿಹೋದರು. ಇಂಗ್ಲೆಂಡನ್ನು ತಿರುಗಿ ನೋಡಲೇ ಇಲ್ಲ. ಮಕ್ಕಳ ಉಪದೇಶಪುಸ್ತಕವು ಅವರ ಮರಣದ ತರುವಾಯ 1622ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಅವರು ಬರೆದ ಕೊಂಕಣಿ ವ್ಯಾಕರಣವನ್ನು ದಿಯೊಗೊ ರಿಬೈರೊ ಎಂಬ ಪಾದ್ರಿಯು ಹೆಚ್ಚಿಸಿ 1640ರಲ್ಲಿ ಅಚ್ಚುಹಾಕಿಸಿದನು. ಒಂದು ತಲೆಮಾರು ಕಳೆಯುವದರೊಳಗೆ ಲಿಯೊನಾರ್ದೊ ಚಿನ್ನಾಮಿ ಎಂಬ ಇತಾಲ್ಯದ ಯೇಸುಸಭೆಯವನು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡದಲ್ಲಿ ಉಪದೇಶಪುಸ್ತಕವನ್ನು ಬರೆದನು. ಗೋವೆಯಲ್ಲಾದರೋ ಕೆಲಸವು ಹಿಂದಕ್ಕೆ ಹೋಯಿತು. 1684ರಲ್ಲಿ ಪೋರ್ಚುಗೀಸ್ ರಾಜಪ್ರತಿನಿಧಿಯು ಜನರು ಕೊಂಕಣಿಯನ್ನು ಬಿಟ್ಟು ಮೂರು ವರುಷಗಳೊಳಗೆ ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆಮಾಡಿದನು. ಯಾವ ಭಾಷೆಯನ್ನು ಕಲಿಯುವದಕ್ಕೆ ಸ್ಟೀಫನ್ಸರು ಆಯುಷ್ಯವನ್ನು ಸವೆಯಿಸಿದರೋ ಅದನ್ನೇ ಅಳಿಸಬೇಕೆಂದು ಅವರ ಸಹಧರ್ಮಿಗಳೇ ಹೊರಟರು.

ಆದರೆ ಗೋವೆಯಿಂದ ತೆಂಕಣಕ್ಕೆ ಇಳಿದು ಕನ್ನಡ ಜಿಲ್ಲೆಯಲ್ಲಿ ನೆಲೆಸಿದ್ದ ಕೊಂಕಣಿ ಕ್ರೈಸ್ತರು ಭಾಷೆಯನ್ನೂ ಪುರಾಣವನ್ನೂ ಸಂಗಡ ಇಟ್ಟುಕೊಂಡಿದ್ದರು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡಿಸಿದನು. 1799ರಲ್ಲಿ ಬಿಡುಗಡೆಯಾದವರು ಪಾಳುಬಿದ್ದ ಮನೆಗಳಿಗೆ ಹಿಂದಿರುಗಿದರು. 1616, 1649, 1654ರ ಅಚ್ಚಿನ ಪ್ರತಿಗಳಲ್ಲಿ ಒಂದೂ ಈವರೆಗೆ ಸಿಕ್ಕಿಲ್ಲ. ಕ್ರಿಸ್ತಪುರಾಣವು ಉಳಿದದ್ದು ಕೈಬರಹಗಳಿಂದ. ಜೋಸೆಫ್ ಸಲ್ಡಾನರು ಅವುಗಳನ್ನು ಹೋಲಿಸಿ ನೋಡಿ 1907ರಲ್ಲಿ ಮಂಗಳೂರಿನಲ್ಲಿ ಪುನಃ ಅಚ್ಚುಹಾಕಿಸಿದರು, ಅದೂ ರೋಮನ್ ಅಕ್ಷರಗಳಲ್ಲಿಯೇ. ನಾಗರಿ ಲಿಪಿಯ ಒಂದು ಕೈಬರಹವು ಲಂಡನಿನ ಪುಸ್ತಕಭಂಡಾರದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಗುರುತಿಸಲ್ಪಟ್ಟಿತು. ಸ್ಟೀಫನ್ಸರು 1608ರಲ್ಲಿ ಬೇಡಿಕೊಂಡಿದ್ದ ದೇಶದ ಅಕ್ಷರಗಳಲ್ಲಿ ಪುರಾಣವೆಲ್ಲವೂ ಅಚ್ಚಾಗಿ ಹೊರಬಂದದ್ದು 1956ರಲ್ಲಿ, ಪುಣೆಯಲ್ಲಿ.