ತಾಯಂದಿರ ನೋವಿಗೆ ಮದ್ದು ಹುಡುಕಿದ ಡಾ. ಶಿರೋಡ್ಕರ್

ನಮ್ಮ ಮನೆಗಳ ಹಿರಿಯ ಹೆಂಗಸರು ಒಂದು ಕಾಯಿಲೆಯನ್ನು ಹೆಸರಿಟ್ಟು ಹೇಳಿದವರಲ್ಲ. ಸೊಂಟ ಸೆಳೆಯುತ್ತದೆ, ಕೆಳಗೆ ಭಾರವಾಗುತ್ತದೆ ಎಂದಷ್ಟೇ ಅಂದು, ಕೊಡಪಾನ ಎತ್ತಿಕೊಂಡು ಬಾವಿಕಟ್ಟೆಗೆ ನಡೆಯುತ್ತಿದ್ದರು. ಗರ್ಭಕೋಶ ಕೆಳಕ್ಕೆ ಜಾರುವ ಆ ವ್ಯಥೆಯನ್ನು ವೈದ್ಯರ ಮುಂದಿರಲಿ, ಗಂಡನ ಮುಂದೆಯೂ ಆಡಲು ನಾಚಿಕೆ. ಇಂಥ ತಾಯಂದಿರಿಗಾಗಿ ದುಡಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರರನ್ನು ನಾವು ನೆನೆಯಬೇಕು.

ಇವರು ಹುಟ್ಟಿದ್ದು 1899ರಲ್ಲಿ, ಗೋವೆಯ ಶಿರೋಡಾ ಗ್ರಾಮದಲ್ಲಿ. ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತು 1923ರಲ್ಲಿ ಎಂ.ಬಿ.ಬಿ.ಎಸ್., 1927ರಲ್ಲಿ ಎಂ.ಡಿ. ಪದವಿ ಪಡೆದರು. ಇಂಗ್ಲೆಂಡಿನಲ್ಲಿ ಎಫ್.ಆರ್.ಸಿ.ಎಸ್. ಮುಗಿಸಿ ಬಂದು, ಕಲಿತ ಕಾಲೇಜಿನಲ್ಲೇ ಪ್ರಾಧ್ಯಾಪಕರಾದರು.

ಸೊಂಟದ ಎಲುಬುಗೂಡಿನ ತಳದಲ್ಲಿ ಸ್ನಾಯುಗಳು ಜೋಳಿಗೆಯಂತೆ ಹಬ್ಬಿ ಒಳಗಿನ ಅಂಗಗಳಿಗೆ ಆಸರೆಯಾಗಿರುತ್ತವೆ. ಕಷ್ಟದ ಹೆರಿಗೆ, ಮೇಲಿಂದ ಮೇಲೆ ಬಸಿರು, ಹೊರೆ ಹೊರುವ ದುಡಿಮೆ ಇವುಗಳಿಂದ ಆ ಆಸರೆ ಸಡಿಲಾಗುತ್ತದೆ. ವಯಸ್ಸಾದವರಿಗೆ ಗರ್ಭಕೋಶವನ್ನೇ ತೆಗೆದುಬಿಡಬಹುದು. ಆದರೆ ಇನ್ನೂ ಮಕ್ಕಳನ್ನು ಬಯಸುವ ಎಳೆಯ ಹೆಂಗಸರ ಗತಿಯೇನು? ಆಗ ರೂಢಿಯಲ್ಲಿದ್ದ ಮ್ಯಾಂಚೆಸ್ಟರ್ ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶದ ಕೊರಳನ್ನು ಕತ್ತರಿಸುತ್ತಿದ್ದರು. ಆಮೇಲೆ ಬಸಿರು ನಿಲ್ಲುವುದು ಹಲವರಿಗೆ ಕಷ್ಟವಾಗುತ್ತಿತ್ತು. ಮಕ್ಕಳಿಲ್ಲದ ಹೆಣ್ಣಿಗೆ ಮನೆಯಲ್ಲಿ ಯಾವ ಸ್ಥಾನವಿತ್ತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಶಿರೋಡ್ಕರರು ಆ ಕೊರಳನ್ನು ಉಳಿಸಿಕೊಂಡೇ ಶಸ್ತ್ರಕ್ರಿಯೆಯನ್ನು ಮಾರ್ಪಡಿಸಿದರು. ಹೊಟ್ಟೆಯ ಕಡೆಯಿಂದ ಒಳಹೊಕ್ಕು, ಗರ್ಭಕೋಶವನ್ನು ಪಟ್ಟಿಯಿಂದ ಬೆನ್ನೆಲುಬಿನ ಬುಡಕ್ಕೆ ಬಿಗಿದು ನಿಲ್ಲಿಸುವ ಇನ್ನೊಂದು ಕ್ರಮವನ್ನೂ ರೂಪಿಸಿದರು. ಜೋಲಿ ಕಟ್ಟಿದಂತೆ ಈ ಉಪಾಯ. ಸ್ತ್ರೀರೋಗದ ಪಠ್ಯಗಳಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಅವರಿಗೆ ಲೋಕಪ್ರಸಿದ್ಧಿ ತಂದದ್ದು ಮಾತ್ರ ಇನ್ನೊಂದು ಕೆಲಸ. ಕೊರಳು ಸಡಿಲವಾಗಿ ನಡುತಿಂಗಳಲ್ಲಿ ಮತ್ತೆ ಮತ್ತೆ ಗರ್ಭಪಾತವಾಗುವವರಿಗೆ, ತೊಡೆಯಿಂದ ತೆಗೆದ ಪೊರೆಯ ಪಟ್ಟಿಯಿಂದ ಕೊರಳಿಗೆ ಸುತ್ತು ಹೊಲಿಗೆ ಹಾಕಿದರು. 1955ರಲ್ಲಿ ಮದ್ರಾಸಿನ ಒಂದು ವೈದ್ಯಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಶಿರೋಡ್ಕರ್ ಹೊಲಿಗೆ ದೇಶವಿದೇಶಗಳಲ್ಲಿ ಎಷ್ಟೋ ತೊಟ್ಟಿಲುಗಳನ್ನು ತುಂಬಿತು. 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಅದೇ 1971ರಲ್ಲಿ ಅವರು ತೀರಿಕೊಂಡರು.

ಜಾರಿದ ಗರ್ಭಕೋಶಕ್ಕೆಲ್ಲ ಕತ್ತಿಯೇ ಬೇಕೆಂದಿಲ್ಲ. ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವುಂಟು. ಒಳಗಿಟ್ಟು ಆಸರೆ ಕೊಡುವ ಪೆಸರಿ ಎಂಬ ಬಳೆಯುಂಟು. ಯಾರಿಗೆ ಯಾವುದು ಹಿತವೆಂದು ವೈದ್ಯರು ಪರೀಕ್ಷಿಸಿ ಹೇಳಬಲ್ಲರು. ಆದರೆ ಹೇಳದ ಕಾಯಿಲೆಗೆ ಯಾವ ಶಿರೋಡ್ಕರರೂ ಮದ್ದು ಕೊಡಲಾರರು. ಇಂದು ಮನೆಗೆ ಹೋದವರು ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ಕೇಳೋಣ. ಕೇಳುವುದು ನಮ್ಮ ಪಾಲಿನ ಕೆಲಸ.