ನಿಷ್ಠುರಿ ಎಂಬ ಹಣೆಪಟ್ಟಿ ಹೊತ್ತ ಅಭ್ಯರ್ಥಿ: ರಾಬರ್ಟ್ ಕೆನಡಿ

1968ರ ಮಾರ್ಚ್ 16. ವಾಷಿಂಗ್ಟನ್ನಿನ ಸೆನೆಟ್ ಕಟ್ಟಡದ ಸಭಾಂಗಣದಲ್ಲಿ ನ್ಯೂಯಾರ್ಕಿನ ಸೆನೆಟರ್, 42ರ ಹರೆಯದ ರಾಬರ್ಟ್ ಕೆನಡಿ ತಾವು ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಾಗಿ ಪ್ರಕಟಿಸಿದರು. 1960ರ ಜನವರಿಯಲ್ಲಿ ಅವರ ಅಣ್ಣ ಜಾನ್ ಕೆನಡಿ ಇದೇ ಘೋಷಣೆಯನ್ನು ಮಾಡಿದ್ದೂ ಅದೇ ಸಭಾಂಗಣದಲ್ಲಿ. ಅಣ್ಣನ ನೆನಪು ಜನಮನದಲ್ಲಿ ಇನ್ನೂ ಹಸಿಯಾಗಿತ್ತು. ಹೆಸರಿತ್ತು, ಹಣವಿತ್ತು, ವಾಕ್ಚಾತುರ್ಯವೂ ಇತ್ತು. ಆದರೂ ಅಂದು ಅಮೆರಿಕದ ಬಹುಸಂಖ್ಯೆಯ ಮತದಾರರನ್ನು ಒಂದು ಅನುಮಾನ ಕಾಡಿತು. ಈ ಮನುಷ್ಯನ ನೀತಿಗಳೇನೋ ಸರಿ, ಆದರೆ ಈತನ ಸ್ವಭಾವ ಎಂಥದು?

ಆ ಅನುಮಾನ ವಿರೋಧಿಗಳ ಸೃಷ್ಟಿ ಮಾತ್ರ ಆಗಿರಲಿಲ್ಲ. ಅದಕ್ಕೆ ರಾಬರ್ಟ್ ಅವರ ಬದುಕಿನಲ್ಲಿಯೇ ಆಧಾರಗಳಿದ್ದವು. ಹಾಗೆಯೇ, ಅದನ್ನು ಅಲ್ಲಗಳೆಯುವ ಸಂಗತಿಗಳೂ ಅದೇ ಬದುಕಿನಲ್ಲಿದ್ದವು. ಎರಡನ್ನೂ ತೂಗಿ ನೋಡಿ ತೀರ್ಪು ನೀಡಲು ಮತದಾರರಿಗೆ ಸಿಕ್ಕಿದ್ದು ಹನ್ನೆರಡು ವಾರಗಳಿಗಿಂತ ಕಡಿಮೆ ಅವಧಿ.

ರಾಜಕೀಯವೇ ಮನೆಯ ಕಸುಬು

ರಾಬರ್ಟ್ ಫ್ರಾನ್ಸಿಸ್ ಕೆನಡಿ ಜನಿಸಿದ್ದು 1925ರ ನವೆಂಬರ್ 20ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ತಾಯಿಯ ತಂದೆ ಜಾನ್ ಫಿಟ್ಜ್‌ಜೆರಾಲ್ಡ್ ಬಾಸ್ಟನ್ ನಗರದ ಮೇಯರ್ ಆಗಿದ್ದವರು. ತಂದೆಯ ತಂದೆ ಮ್ಯಾಸಚೂಸೆಟ್ಸ್ ಶಾಸನಸಭೆಯ ಸದಸ್ಯರು. ತಂದೆ ಜೋಸೆಫ್ ಕೆನಡಿ ಷೇರುಪೇಟೆ ಹಾಗೂ ಉದ್ಯಮಗಳಲ್ಲಿ ಅಪಾರ ಸಂಪತ್ತು ಗಳಿಸಿ, 1934ರಲ್ಲಿ ಷೇರುಪೇಟೆ ನಿಯಂತ್ರಣ ಆಯೋಗದ ಮೊದಲ ಅಧ್ಯಕ್ಷರಾಗಿ, ಬಳಿಕ ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿ ಕೆಲಸ ಮಾಡಿದವರು.

ಮಕ್ಕಳಲ್ಲೊಬ್ಬ ದೇಶದ ಅಧ್ಯಕ್ಷನಾಗಬೇಕೆಂಬುದು ತಂದೆಯ ಹಟವಾಗಿತ್ತು. ಆ ನಿರೀಕ್ಷೆಯ ಭಾರ ಮೊದಲು ಹಿರಿಯ ಮಗ ಜೋಸೆಫ್‌ನ ಮೇಲಿತ್ತು. 1944ರಲ್ಲಿ ಆತ ಮಹಾಯುದ್ಧದಲ್ಲಿ ಮಡಿದ ಮೇಲೆ ಅದು ಜಾನ್ ಹೆಗಲಿಗೆ ಬಂತು. ಅಣ್ಣಂದಿರ ನೆರಳಿನಲ್ಲಿ ಬೆಳೆದ ರಾಬರ್ಟ್ ಮಿತಭಾಷಿ, ಸಂಕೋಚದ ಹುಡುಗ, ಆದರೆ ಛಲಗಾರ. ಹಾರ್ವರ್ಡ್‌ನಲ್ಲಿ ಪದವಿ, 1951ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಅದೇ ವರ್ಷ ಅಣ್ಣ ಜಾನ್ ಹಾಗೂ ಸಹೋದರಿ ಪೆಟ್ರಿಷಿಯಾ ಜತೆಗೂಡಿ ಏಷ್ಯಾ ಪ್ರವಾಸ ಕೈಗೊಂಡಾಗ ದೆಹಲಿಗೂ ಬಂದು ಪ್ರಧಾನಿ ನೆಹರೂ ಅವರನ್ನು ಕಂಡಿದ್ದರು. ಅದೇ ಪ್ರವಾಸದಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ವಿಯೆಟ್ನಾಮನ್ನೂ ನೋಡಿದರು. ಮುಂದೆ ತಮ್ಮ ರಾಜಕೀಯ ಬದುಕನ್ನೇ ಅಲುಗಾಡಿಸಲಿದ್ದ ನೆಲ ಅದು.

ಅನುಮಾನದ ಬೀಜಗಳು

1952ರಲ್ಲಿ ಅಣ್ಣನ ಸೆನೆಟ್ ಚುನಾವಣೆಯ ಹೊಣೆ ಹೊತ್ತಾಗ ರಾಬರ್ಟ್‌ಗೆ ಇನ್ನೂ 26 ವರ್ಷ. ಗೆಲುವಿಗಾಗಿ ಯಾರ ಮನಸ್ಸನ್ನಾದರೂ ನೋಯಿಸಲು ಹಿಂಜರಿಯದ ಸಂಘಟಕ ಎಂಬ ಖ್ಯಾತಿ ಆಗಲೇ ಅಂಟಿಕೊಂಡಿತು. ಮರುವರ್ಷ ಅವರು ಸೇರಿದ್ದು ಸೆನೆಟರ್ ಜೋಸೆಫ್ ಮೆಕಾರ್ಥಿ ನೇತೃತ್ವದ ತನಿಖಾ ಉಪಸಮಿತಿಯನ್ನು. ಕಮ್ಯುನಿಸ್ಟರ ಬೇಟೆಯ ಹೆಸರಿನಲ್ಲಿ ಅನೇಕ ನಿರಪರಾಧಿಗಳ ಬದುಕು ಹಾಳುಮಾಡಿದ ಮೆಕಾರ್ಥಿ ಕೆನಡಿ ಕುಟುಂಬದ ಸ್ನೇಹಿತ. ಆರೇಳು ತಿಂಗಳಲ್ಲಿ ರಾಬರ್ಟ್ ಆ ಕೆಲಸ ತೊರೆದರು. 1954ರಲ್ಲಿ ಅದೇ ಸಮಿತಿಗೆ ಡೆಮಾಕ್ರಟಿಕ್ ಪಕ್ಷದ ವಕೀಲರಾಗಿ ಮರಳಿ, ಮೆಕಾರ್ಥಿಯ ವಿರುದ್ಧದ ಪಾಳಯದಲ್ಲಿ ಕುಳಿತರು. ಆದರೆ ಉದಾರವಾದಿಗಳು ಎರಡನೆಯದನ್ನು ಮರೆತು ಮೊದಲನೆಯದನ್ನೇ ನೆನಪಿಟ್ಟರು.

1957ರಿಂದ ಕಾರ್ಮಿಕ ಸಂಘಗಳಲ್ಲಿನ ಅಕ್ರಮಗಳ ತನಿಖೆಗೆ ನೇಮಕವಾದ ಸೆನೆಟ್ ಸಮಿತಿಯ ಮುಖ್ಯ ವಕೀಲರಾದರು. ಲಾರಿ ಚಾಲಕರ ಬಲಾಢ್ಯ ಸಂಘ ಟೀಮ್‌ಸ್ಟರ್ಸ್‌ನ ನಾಯಕ ಜಿಮ್ಮಿ ಹೊಫಾ ಅವರ ಗುರಿ. ದೂರದರ್ಶನದಲ್ಲಿ ಪ್ರಸಾರವಾದ ವಿಚಾರಣೆಗಳಲ್ಲಿ ಯುವ ವಕೀಲನ ಮೊನಚು ಪ್ರಶ್ನೆಗಳನ್ನು ದೇಶವೇ ಕಂಡಿತು. ಮುಂದೆ ಅಟಾರ್ನಿ ಜನರಲ್ ಆದಾಗ ಹೊಫಾ ಪ್ರಕರಣಗಳಿಗಾಗಿಯೇ ಪ್ರತ್ಯೇಕ ತಂಡ ರಚಿಸಿದರು. 1964ರಲ್ಲಿ ಹೊಫಾಗೆ ಶಿಕ್ಷೆಯೂ ಆಯಿತು. ಹೊಫಾ ಸಾಚಾ ಎಂದು ಹೇಳಿದವರು ಕಡಿಮೆ. ಆದರೆ ಮೊದಲು ವ್ಯಕ್ತಿಯನ್ನು ಗುರುತಿಸಿ ಆಮೇಲೆ ಅಪರಾಧವನ್ನು ಹುಡುಕುವುದು ನ್ಯಾಯವೇ ಎಂಬ ಪ್ರಶ್ನೆ ಉಳಿಯಿತು.

1961ರಲ್ಲಿ ಅಧ್ಯಕ್ಷ ಜಾನ್ ಕೆನಡಿ ತಂದೆಯ ಒತ್ತಾಸೆಯಂತೆ ತಮ್ಮನನ್ನೇ ಅಟಾರ್ನಿ ಜನರಲ್ ಹುದ್ದೆಗೆ ನೇಮಿಸಿದರು. ವಯಸ್ಸು 35. ನ್ಯಾಯಾಲಯದಲ್ಲಿ ಒಂದು ಮೊಕದ್ದಮೆಯನ್ನೂ ನಡೆಸಿದ ಅನುಭವವಿಲ್ಲ. ಸ್ವಜನಪಕ್ಷಪಾತದ ಕೂಗು ಎದ್ದಿತು. ಅಧಿಕಾರಸ್ಥರು ಬಂಧುಗಳನ್ನು ಸರಕಾರಿ ಹುದ್ದೆಗೆ ನೇಮಿಸದಂತೆ ಅಮೆರಿಕ 1967ರಲ್ಲಿ ಕಾನೂನು ಮಾಡಿದಾಗ ಎಲ್ಲರ ಕಣ್ಣ ಮುಂದೆ ಬಂದದ್ದು ಈ ನೇಮಕವೇ.

ಕದ್ದಾಲಿಕೆಯ ಕಲೆ

ಹುದ್ದೆಯಲ್ಲಿ ರಾಬರ್ಟ್ ನಿಷ್ಪ್ರಯೋಜಕರಾಗಲಿಲ್ಲ. 1961ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ವಿರೋಧಿಸಿ ಬಸ್ ಪ್ರಯಾಣ ಕೈಗೊಂಡ ಯುವಕರ ಮೇಲೆ ಹಲ್ಲೆಯಾದಾಗ ಫೆಡರಲ್ ಮಾರ್ಷಲ್‌ಗಳನ್ನು ಕಳುಹಿಸಿದರು. ಅಂತರರಾಜ್ಯ ಬಸ್ ನಿಲ್ದಾಣಗಳಲ್ಲಿ ಭೇದಭಾವ ನಿಷೇಧಿಸುವಂತೆ ಮಾಡಿದರು. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದಾಗ, ಸೋವಿಯತ್ ರಾಯಭಾರಿ ಡೊಬ್ರಿನಿನ್ ಜತೆ ಗುಟ್ಟಾಗಿ ಮಾತುಕತೆ ನಡೆಸಿ ಬಿಕ್ಕಟ್ಟಿನ ಪರಿಹಾರಕ್ಕೆ ನೆರವಾದವರು ಇದೇ ರಾಬರ್ಟ್.

ಆದರೆ 1963ರ ಅಕ್ಟೋಬರ್‌ನಲ್ಲಿ ಅವರು ಹಾಕಿದ ಒಂದು ಸಹಿ ಮುಂದೆ ಬೆನ್ನುಬಿಡಲಿಲ್ಲ. ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಬೇಡಿಕೆಯ ಮೇರೆಗೆ, ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ದೂರವಾಣಿ ಕದ್ದಾಲಿಕೆಗೆ ಅವರು ಅನುಮತಿ ನೀಡಿದರು. ಕಿಂಗ್ ಅವರ ಆಪ್ತರೊಬ್ಬರಿಗೆ ಕಮ್ಯುನಿಸ್ಟರ ನಂಟಿದೆ ಎಂಬುದು ಹೂವರ್ ವಾದ. 1960ರ ಅಕ್ಟೋಬರ್‌ನಲ್ಲಿ ಕಿಂಗ್ ಜಾರ್ಜಿಯಾದಲ್ಲಿ ಜೈಲು ಸೇರಿದ್ದಾಗ ನ್ಯಾಯಾಧೀಶರಿಗೆ ದೂರವಾಣಿ ಕರೆ ಮಾಡಿದ್ದವರು, ಮೂರು ವರ್ಷಗಳ ಬಳಿಕ ಅದೇ ಕಿಂಗ್ ಅವರ ದೂರವಾಣಿಗೆ ಕಿವಿಯಿಡಲು ಒಪ್ಪಿದ್ದರು.

ಅಣ್ಣನಿಲ್ಲದ ವರ್ಷಗಳು

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಜಾನ್ ಕೆನಡಿ ಹತ್ಯೆಯಾಯಿತು. ಅಣ್ಣನಿಗಾಗಿಯೇ ಬದುಕು ಸವೆಸಿದ್ದ ತಮ್ಮನಿಗೆ ಅದು ತಡೆಯಲಾರದ ಆಘಾತ. ತಿಂಗಳುಗಟ್ಟಲೆ ಮಂಕಾಗಿದ್ದ ಅವರು ಗ್ರೀಕ್ ದುರಂತ ಸಾಹಿತ್ಯದ ಓದಿನಲ್ಲಿ ಸಮಾಧಾನ ಹುಡುಕಿದರು. ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಜತೆ ಅವರ ಸಂಬಂಧ ಎಂದೂ ಸರಿಹೋಗಲಿಲ್ಲ.

1964ರಲ್ಲಿ ಸಂಪುಟ ಬಿಟ್ಟು ನ್ಯೂಯಾರ್ಕ್‌ನಿಂದ ಸೆನೆಟ್‌ಗೆ ನಿಂತಾಗ ಹೊರಗಿನವ ಎಂಬ ಆರೋಪ ಬಂತು. ಆ ರಾಜ್ಯದ ಮತದಾರರಾಗಿರದ ಕಾರಣ ತಮ್ಮ ಮತವನ್ನು ತಮಗೇ ಹಾಕಿಕೊಳ್ಳುವಂತಿರಲಿಲ್ಲ. ಸುಮಾರು 7 ಲಕ್ಷ ಮತಗಳಿಂದ ಗೆದ್ದರು. ಅದೇ ದಿನ ಅದೇ ರಾಜ್ಯದಲ್ಲಿ ಜಾನ್ಸನ್ 26 ಲಕ್ಷಕ್ಕೂ ಹೆಚ್ಚು ಮತಗಳ ಅಂತರ ಪಡೆದಿದ್ದರು. ಕೆನಡಿ ಎಂಬ ಹೆಸರನ್ನು ಪ್ರೀತಿಸುತ್ತಲೇ ಈ ಕೆನಡಿಯನ್ನು ಅನುಮಾನಿಸುವ ಮತದಾರರು ಎಷ್ಟಿದ್ದರು ಎಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ.

ಬಳಿಕದ ಮೂರು ವರ್ಷಗಳಲ್ಲಿ ಅವರ ಹೆಜ್ಜೆಗಳು ಹೊಸ ದಿಕ್ಕು ಹಿಡಿದವು. 1966ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಕಾರರ ಮುಷ್ಕರದ ವಿಚಾರಣೆಯಲ್ಲಿ ಅವರ ನಾಯಕ ಸೀಸರ್ ಚಾವೆಜ್ ಪರ ನಿಂತರು. ಜೂನ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿ ವರ್ಣಭೇದ ನೀತಿಯ ವಿರುದ್ಧ ಮಾತನಾಡಿ, ನಿರ್ಬಂಧದಲ್ಲಿದ್ದ ನೊಬೆಲ್ ಪುರಸ್ಕೃತ ಆಲ್ಬರ್ಟ್ ಲುಥುಲಿ ಅವರನ್ನು ಭೇಟಿಯಾದರು. 1967ರ ಏಪ್ರಿಲ್‌ನಲ್ಲಿ ಮಿಸಿಸಿಪಿಯ ಗುಡಿಸಲುಗಳಲ್ಲಿ ಹಸಿವಿನಿಂದ ಊದಿದ ಹೊಟ್ಟೆಯ ಮಕ್ಕಳನ್ನು ಕಂಡು ತಲ್ಲಣಿಸಿದರು. ಅದೇ ವರ್ಷ ಮಾರ್ಚ್ 2ರಂದು ಸೆನೆಟ್‌ನಲ್ಲಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸುವಂತೆ ಒತ್ತಾಯಿಸಿ, ಆ ಯುದ್ಧದಲ್ಲಿ ತಮ್ಮ ಹೊಣೆಯೂ ಇದೆ ಎಂದು ಒಪ್ಪಿಕೊಂಡರು.

ಇದು ನಿಜವಾದ ಮನಃಪರಿವರ್ತನೆಯೇ, ಅಥವಾ ಚುನಾವಣೆಗೆ ಮುನ್ನ ತೊಟ್ಟ ಹೊಸ ವೇಷವೇ? ಮತದಾರರ ಮುಂದಿದ್ದ ಪ್ರಶ್ನೆ ಅದು.

ತಡವಾಗಿ ಬಂದ ಯೋಧ

1968ರ ಜನವರಿ ಕೊನೆಯಲ್ಲಿ ರಾಬರ್ಟ್ ತಾವು ಕಣಕ್ಕಿಳಿಯುವ ಸಂಭವವಿಲ್ಲವೆಂದು ತಿಳಿಸಿದ್ದರು. ಯುದ್ಧ ವಿರೋಧಿಗಳ ಬಾವುಟ ಹಿಡಿದು ಒಂಟಿಯಾಗಿ ಹೊರಟವರು ಮಿನ್ನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ. ಇವರಿಗೂ ಹಳೆಯ ಜೋಸೆಫ್ ಮೆಕಾರ್ಥಿಗೂ ಸಂಬಂಧವಿಲ್ಲ. ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಯಲ್ಲಿ ಮೆಕಾರ್ಥಿ ಸುಮಾರು ಶೇ. 42 ಮತ ಪಡೆದು ಹಾಲಿ ಅಧ್ಯಕ್ಷರನ್ನೇ ನಡುಗಿಸಿದರು. ನಾಲ್ಕೇ ದಿನಗಳಲ್ಲಿ ರಾಬರ್ಟ್ ಕಣಕ್ಕಿಳಿದರು.

ಹೊಲ ಉತ್ತವನೊಬ್ಬ, ಬೆಳೆ ಕೊಯ್ಯಲು ಬಂದವನು ಇನ್ನೊಬ್ಬ ಎಂಬ ಸಿಟ್ಟು ವಿದ್ಯಾರ್ಥಿಗಳಲ್ಲಿ ಹೊತ್ತಿತು. ನಿಷ್ಠುರಿ ಎಂಬ ಹಳೆಯ ಹಣೆಪಟ್ಟಿಗೆ ಅವಕಾಶವಾದಿ ಎಂಬ ಹೊಸದೂ ಸೇರಿತು. ಮಾರ್ಚ್ 31ರಂದು ಜಾನ್ಸನ್ ಕಣದಿಂದ ಹಿಂದೆ ಸರಿದಾಗ, ಎದುರಾಳಿಯೇ ಇಲ್ಲದ ಯುದ್ಧದಲ್ಲಿ ರಾಬರ್ಟ್ ತಮ್ಮನ್ನು ತಾವೇ ನಿರೂಪಿಸಿಕೊಳ್ಳಬೇಕಾಯಿತು.

ಏಪ್ರಿಲ್ 4ರ ರಾತ್ರಿ ಆ ಪರೀಕ್ಷೆ ಬಂತು. ಇಂಡಿಯಾನಾಪೊಲಿಸ್‌ನ ಕಪ್ಪುಜನರ ಬಡಾವಣೆಯೊಂದರಲ್ಲಿ ಸಭೆ ಏರ್ಪಾಡಾಗಿತ್ತು. ಅಷ್ಟರಲ್ಲಿ ಮೆಂಫಿಸ್‌ನಲ್ಲಿ ಕಿಂಗ್ ಹತ್ಯೆಯಾದ ಸುದ್ದಿ ಬಂತು. ಸಭೆಗೆ ಹೋಗುವುದು ಅಪಾಯವೆಂದು ಎಚ್ಚರಿಸಲಾಯಿತು. ರಾಬರ್ಟ್ ಹೋದರು. ವಾಹನವೊಂದರ ಮೇಲೆ ನಿಂತು ತಾವೇ ಆ ಸುದ್ದಿ ತಿಳಿಸಿದರು. ತನ್ನ ಮನೆಯವನೂ ಬಿಳಿಯನೊಬ್ಬನ ಗುಂಡಿಗೆ ಬಲಿಯಾದವನೇ ಎಂದು ನೆನಪಿಸಿ, ದ್ವೇಷಕ್ಕೆ ಬಲಿಯಾಗದಿರಿ ಎಂದು ಬೇಡಿಕೊಂಡರು. ಅಣ್ಣನ ಹತ್ಯೆಯ ಬಗ್ಗೆ ಅವರು ಜನರೆದುರು ಹಾಗೆ ಮಾತನಾಡಿದ್ದು ಅದೇ ಮೊದಲು. ಆ ವಾರ ನೂರಕ್ಕೂ ಹೆಚ್ಚು ನಗರಗಳು ಹೊತ್ತಿ ಉರಿದವು. ಇಂಡಿಯಾನಾಪೊಲಿಸ್ ಶಾಂತವಾಗಿತ್ತು.

ಮೇ 7ರಂದು ಇಂಡಿಯಾನಾದಲ್ಲಿ, ಮೇ 14ರಂದು ನೆಬ್ರಾಸ್ಕದಲ್ಲಿ ಗೆದ್ದರು. ಕಪ್ಪುಜನರ ಜತೆಗೆ ಬಿಳಿಯ ಕಾರ್ಮಿಕರೂ ಅವರ ಬೆನ್ನಿಗಿದ್ದರು ಎನ್ನಲಾಯಿತು. ಅದರ ಪ್ರಮಾಣದ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅಷ್ಟರಲ್ಲಿ, ಕಿಂಗ್ ಅವರ ದೂರವಾಣಿ ಕದ್ದಾಲಿಕೆಗೆ ರಾಬರ್ಟ್ ಸಹಿ ಹಾಕಿದ್ದ ಸಂಗತಿಯನ್ನು ಅಂಕಣಕಾರ ಡ್ರೂ ಪಿಯರ್ಸನ್ ಮೇ ಕೊನೆಯ ವಾರದಲ್ಲಿ ಬಯಲು ಮಾಡಿದರು. ಮೇ 28ರಂದು ಒರೆಗಾನ್‌ನಲ್ಲಿ ಮೆಕಾರ್ಥಿ ಎದುರು ರಾಬರ್ಟ್ ಸೋತರು. ಸೋಲಿಗೆ ಅದೊಂದೇ ಕಾರಣವಲ್ಲ. ಸುಶಿಕ್ಷಿತ, ಸುಖೀ ಮತದಾರರೇ ಹೆಚ್ಚಿದ್ದ ಆ ರಾಜ್ಯದಲ್ಲಿ ಅವರ ಬಡವರ ಪರ ದನಿಗೆ ಕಿವಿಗಳು ಕಡಿಮೆಯಿದ್ದವು. ಅನುಮಾನಕ್ಕೆ ಹೆಚ್ಚಿದ್ದವು.

ಜೂನ್ 1ರ ದೂರದರ್ಶನ ಚರ್ಚೆಯಲ್ಲಿ ಇನ್ನೊಂದು ಎಡವಟ್ಟಾಯಿತು. ಮೆಕಾರ್ಥಿ ಯೋಜನೆಯಂತೆ 10 ಸಾವಿರ ಕಪ್ಪುಜನರನ್ನು ಆರೆಂಜ್ ಕೌಂಟಿಗೆ ಸಾಗಿಸಬೇಕಾದೀತೆಂದು ರಾಬರ್ಟ್ ಟೀಕಿಸಿದರು. ಬಿಳಿಯರ ಭಯಕ್ಕೆ ಗಾಳಿ ಹಾಕುವ ಮಾತು ಅದೆಂದು ಬೆಂಬಲಿಗರಿಗೂ ಬೇಸರವಾಯಿತು. ಹಳೆಯ ಮನುಷ್ಯ ಸತ್ತಿಲ್ಲವೇನೋ ಎಂಬ ಶಂಕೆ ಮತ್ತೆ ಮೂಡಿತು.

ಮುಗಿಯದ ತೀರ್ಪು

ಜೂನ್ 4ರಂದು ಕ್ಯಾಲಿಫೋರ್ನಿಯಾ ಅವರ ಕೈಹಿಡಿಯಿತು. ರಾಬರ್ಟ್‌ಗೆ ಶೇ. 46, ಮೆಕಾರ್ಥಿಗೆ ಶೇ. 42. ಮಧ್ಯರಾತ್ರಿ ಕಳೆದ ಮೇಲೆ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ವಿಜಯ ಭಾಷಣ ಮುಗಿಸಿ ಅಡುಗೆಮನೆಯ ಹಾದಿಯಲ್ಲಿ ಹೊರಟಾಗ ಸಿರ್ಹಾನ್ ಸಿರ್ಹಾನ್ ಎಂಬ ಪ್ಯಾಲೆಸ್ತೀನ್ ಮೂಲದ ಯುವಕ ಗುಂಡು ಹಾರಿಸಿದ. ಜೂನ್ 6ರಂದು ರಾಬರ್ಟ್ ಕೊನೆಯುಸಿರೆಳೆದರು. ಎರಡು ದಿನಗಳ ಬಳಿಕ ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ಗೆ ಶವ ಹೊತ್ತ ರೈಲು ಸಾಗಿದಾಗ ಹಳಿಗಳ ಇಕ್ಕೆಲದಲ್ಲಿ ಕಪ್ಪು, ಬಿಳಿಯರೆನ್ನದೆ ಲಕ್ಷಾಂತರ ಜನ ನಿಂತಿದ್ದರು. ಅವರ ಹನ್ನೊಂದನೆಯ ಮಗು ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಉಪಾಧ್ಯಕ್ಷ ಹಂಫ್ರಿ ಅವರಿಗೆ ಹೋಯಿತು. ನವೆಂಬರ್‌ನಲ್ಲಿ ಶೇ. 1ಕ್ಕೂ ಕಡಿಮೆ ಅಂತರದಲ್ಲಿ ರಿಚರ್ಡ್ ನಿಕ್ಸನ್ ಗೆದ್ದರು. ವಿಯೆಟ್ನಾಂನಲ್ಲಿ ಅಮೆರಿಕದ ಯುದ್ಧ 1973ರವರೆಗೂ ಮುಂದುವರಿಯಿತು. ರಾಬರ್ಟ್ ಬದುಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಕೆನಡಿ ಮನೆತನದ ಮೇಲಿನ ಅನುಮಾನ ಅಲ್ಲಿಗೇ ನಿಲ್ಲಲಿಲ್ಲ. 1969ರ ಚಪ್ಪಾಕ್ವಿಡಿಕ್ ಕಾರು ದುರಂತದಲ್ಲಿ ಯುವತಿಯೊಬ್ಬಳು ಸತ್ತ ಪ್ರಕರಣ ಕಿರಿಯ ಸಹೋದರ ಎಡ್ವರ್ಡ್ ಅವರ 1980ರ ಸ್ಪರ್ಧೆಯುದ್ದಕ್ಕೂ ನೆರಳಾಗಿ ಹಿಂಬಾಲಿಸಿತು. 2023ರಲ್ಲಿ ರಾಬರ್ಟ್ ಅವರ ಹೆಸರನ್ನೇ ಹೊತ್ತ ಮಗ ಅಧ್ಯಕ್ಷಗಿರಿಗೆ ಸ್ಪರ್ಧೆ ಪ್ರಕಟಿಸಿದಾಗ ಒಡಹುಟ್ಟಿದವರಲ್ಲೇ ಹಲವರು ಬಹಿರಂಗವಾಗಿ ವಿರೋಧಿಸಿದರು. 2024ರ ಆಗಸ್ಟ್‌ನಲ್ಲಿ ಅವರು ಪ್ರಚಾರ ನಿಲ್ಲಿಸಿ ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ನೀಡಿದರು.

ಮನೆತನದ ಹೆಸರು ಅಭ್ಯರ್ಥಿಯನ್ನು ಮತದಾರನ ಮನೆಬಾಗಿಲ ತನಕ ತಂದು ನಿಲ್ಲಿಸುತ್ತದೆ. ಒಳಗೆ ಕರೆಯಬೇಕೇ ಎಂಬುದನ್ನು ಮತದಾರನೇ ನಿರ್ಧರಿಸಬೇಕು. 1968ರ ಮತದಾರ ರಾಬರ್ಟ್ ಅವರನ್ನು ಅನುಮಾನಿಸಿದ್ದು ತಪ್ಪಲ್ಲ. ಕದ್ದಾಲಿಕೆಯ ಸಹಿ, ತಡವಾದ ಧೈರ್ಯ ಎರಡೂ ನಿಜ. ಇಂಡಿಯಾನಾಪೊಲಿಸ್‌ನ ಆ ರಾತ್ರಿಯೂ ನಿಜ. ಮನುಷ್ಯ ಬದಲಾಗಬಲ್ಲನೆಂದು ನಂಬಿ ಕ್ಯಾಲಿಫೋರ್ನಿಯಾದ ಮತದಾರರು ಅವರಿಗೆ ಅವಕಾಶ ಕೊಟ್ಟರು. ಆ ನಂಬಿಕೆ ಸರಿಯಾಗಿತ್ತೇ ಎಂಬುದನ್ನು ಅಧಿಕಾರ ಮಾತ್ರ ತೋರಿಸಿಕೊಡಬಹುದಿತ್ತು. ಆ ಅವಕಾಶವನ್ನು ಒಂದು ಪಿಸ್ತೂಲು ಕಸಿದುಕೊಂಡಿತು.